ಗಂಧಕದ ಖೋಲಿ

ಬಿಳೂರದಲ್ಲಿ ಹೆಣ್ಣು ನೋಡಲು ಮಂದಿ ಬರುತ್ತಾರೆಂದರೆ ಮನೆಯ ಒಡಕು ತಾಟು ಅಟ್ಟ ಏರುತ್ತದೆ, ಬೈಗುಳದ ಬಾಯಿಯ ಅಜ್ಜ ಹೊಲಕ್ಕೆ ಹೋಗುತ್ತಾನೆ, ಕೆಮ್ಮುವವಳು ಕೆಮ್ಮು ನುಂಗಿ ಕೂರುತ್ತಾಳೆ. ಹೊರಗಿನವರು ನೋಡಲು ಬಂದಾಗ ಇದ್ದುದರಲ್ಲಿ ಚಲೋದನ್ನು ತೋರಿಸಬೇಕು, ಉಳಿದದ್ದು ನಮ್ಮ ನಮ್ಮಲ್ಲಿ ಇರಬೇಕು. ಇದನ್ನು ದುಂಡವ್ವನಿಗೆ ಆಕೆಯ ಅತ್ತೆ ಕಲಿಸಿದ್ದಳು, ಆ ಅತ್ತೆಗೆ ಅವಳ ಅತ್ತೆ. ಹೀಗಿರುವಾಗ ಪುಣೆಯ ಕಡೆಯಿಂದ ಡಾಕ್ಟರ ಬಾಯಿಯೊಬ್ಬಳು ಉಸಿರು ಅಳೆಯುವ ಮಷಿನ್ನು ತಗೊಂಡು ಬಂದು, ನಿಮ್ಮ ಎದೆ ಹೇಗಿದೆ ನೋಡಬೇಕು ಎಂದರೆ ಬಿಳೂರದ ಹೆಂಗಸರು ಏನು ಮಾಡಿಯಾರು? ಮಾಡುವುದನ್ನೇ ಮಾಡಿದರು.

ಊರ ಹೊರಗೆ, ಜತ್ತ ರಸ್ತೆಯ ಬಲಕ್ಕೆ ಬಸಗೊಂಡ ಸಾವಕಾರನ ಬೇದಾಣಾ ಶೆಡ್ಡು ಇದೆ. ಸುತ್ತಿನ ತೋಟಗಳ ದ್ರಾಕ್ಷಿ ಒಣಗಿ ಬೇದಾಣಾ ಆಗುವುದು ಅಲ್ಲಿಯೇ. ಪೇಟೆಯ ಮಂದಿಗೆ ಬೇದಾಣಾ ಹಳದಿ ಇರಬೇಕು, ಮಿಂಚಬೇಕು. ಕಂದು ಬಣ್ಣದ್ದನ್ನು ಅವರು ಮೂಸಿಯೂ ನೋಡುವುದಿಲ್ಲ. ಅದಕ್ಕಾಗಿ ಒಣಗಿದ ಹಣ್ಣನ್ನು ಟ್ರೇಗಳಲ್ಲಿ ತುಂಬಿ ಒಂದು ಖೋಲಿಯೊಳಗಿಟ್ಟು, ಗಂಧಕ ಹೊತ್ತಿಸಿ, ಬಾಗಿಲು ಬಿಗಿದು ಹೊಗೆ ಕೊಡುತ್ತಾರೆ. ಬೆಳಗಾಗುವಷ್ಟರಲ್ಲಿ ಹಣ್ಣು ಬಂಗಾರದ ಬಣ್ಣಕ್ಕೆ ಬಂದಿರುತ್ತದೆ. ಆ ಟ್ರೇಗಳನ್ನು ಹೊರಗೆ ತರುವ ಹೆಂಗಸರು ಯಾವ ಬಣ್ಣಕ್ಕೆ ಬರುತ್ತಾರೆಂದು ಪೇಟೆಯವರು ಯಾಕೆ ಕೇಳಿಯಾರು.

ಆ ಶೆಡ್ಡಿನಲ್ಲಿ ದುಡಿಯುವ ಹೆಂಗಸರ ಟೋಳಿಗೆ ದುಂಡವ್ವನೇ ಹಿರಿಯಳು. ಗಂಡ ತುಕಾರಾಮ, ಮಗ ಈಶ್ವರ ಇಬ್ಬರೂ ಕುರಿ ಹಿಂಡಿನ ಹಿಂದೆ ಹೊಳೆ ದಾಟಿ ಹೋದವರು, ಮಳೆಗಾಲದವರೆಗೆ ಬರುವವರಲ್ಲ. ಮನೆಯಲ್ಲಿ ಇರುವವರು ಆಕೆ ಮತ್ತು ಸೊಸೆ ಮಂಗಲ. ಮಂಗಲ ತೆಳ್ಳಗಿನ ಹುಡುಗಿ, ಕೈ ಚುರುಕು, ಮಾತು ಕಡಿಮೆ. ಚುರುಕಿದ್ದವರನ್ನೇ ಸಾವಕಾರ ಗಂಧಕದ ಖೋಲಿಗೆ ಹಾಕುತ್ತಿದ್ದ. ಅಲ್ಲಿ ಪಗಾರ ಚೂರು ಹೆಚ್ಚು. ಹೋದ ವರ್ಷದ ಹಂಗಾಮು ಮುಗಿಯುವ ಹೊತ್ತಿಗೆ ಮಂಗಲಳಿಗೆ ಕೆಮ್ಮು ಹತ್ತಿತು. ಈ ವರ್ಷ ಕೆಮ್ಮಿನ ಬೆನ್ನಿಗೆ ಧಮ್ಮೂ ಬಂತು, ಉಸಿರು ಸಾಲದಾಯಿತು. ಎರಡು ಕೊಡ ನೀರು ತಂದರೆ ಹೊಸ್ತಿಲ ಮೇಲೆ ಕೂತು ಗೋಡೆಗೆ ತಲೆ ಆನಿಸುತ್ತಿದ್ದಳು. ದುಂಡವ್ವನಿಗೆ ಇದೆಲ್ಲ ಕಾಣುತ್ತಿರಲಿಲ್ಲವೆಂದಲ್ಲ. ಕಾಣುತ್ತಿತ್ತು, ಬಾಯಿಂದ ಮಾತ್ರ ಬೇರೆಯೇ ಬರುತ್ತಿತ್ತು.

"ಮಂದಿ ಮುಂದ ಕೆಮ್ಮಬ್ಯಾಡ. ದುಂಡವ್ವನ ಸೊಸಿಗೆ ಧಮ್ಮ ಐತಿ ಅಂತ ಒಮ್ಮಿ ಹೆಸರ ಬಿತ್ತಂದ್ರ ಸಾಯೂತನಕ ಹೋಗೂದಿಲ್ಲ."

"ಹೂಂ ಅತ್ತಿ," ಅನ್ನುತ್ತಿದ್ದಳು ಮಂಗಲ. ಸೆರಗಿನೊಳಗೆ ಕೆಮ್ಮುತ್ತಿದ್ದಳು.

ಡಾಕ್ಟರ ಬಾಯಿಯ ಹೆಸರು ಪ್ರಾಜಕ್ತಾ. ತಾಯಿ ಅಕ್ಕಲಕೋಟದವಳಾದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಊರ ಶಾಲೆಯ ಪಡಸಾಲೆಯಲ್ಲಿ ಹೆಂಗಸರನ್ನು ಕೂರಿಸಿ ತಾನು ಬಂದ ಕೆಲಸ ಹೇಳಿದಳು. ಕೆಲಸದ ಜಾಗದಲ್ಲಿ ಮೂಗಿಗೆ ಬಡಿಯುವ ಹೊಗೆ, ಧೂಳು, ಔಷಧ ದುಡಿಯುವವರ ಮೈಗೆ ಏನು ಮಾಡುತ್ತದೆ ಎಂದು ತಿಳಿಯುವುದು ಅವಳ ಅಧ್ಯಯನ. ಶೆಡ್ಡಿನ ಹೆಂಗಸರು ಒಂದು ಕೊಳವೆಯಲ್ಲಿ ಜೋರಾಗಿ ಊದಬೇಕು. ಡಫಳಾಪುರದಲ್ಲಿ ಬರೀ ಹೊಲದ ಕಳೆ ತೆಗೆಯುವ ಹೆಂಗಸರೂ ಊದುತ್ತಾರೆ. ಎರಡನ್ನೂ ಹೋಲಿಸಿ ನೋಡಬೇಕು.

"ಒಂದ ಮಾತ ನೆನಪಿಡ್ರಿ. ನಾಡಿದ್ದ ನೀವು ಶೆಡ್ಡಿನಿಂದ ನೆಟ್ಟಗ ಇಲ್ಲಿಗೇ ಬರ್ರಿ. ಹೆಂಗ ಇರ್ತೀರಿ ಹಂಗ."

ಹೆಂಗ ಇರ್ತೀರಿ ಹಂಗ ಅಂತೆ. ಡಫಳಾಪುರದವರ ಜೊತೆ ಹೋಲಿಸುತ್ತೇವೆ ಅಂತ ಹೇಳಿ, ಬೆವರು ನಾರುತ್ತ, ಕೆಮ್ಮುತ್ತ ಬನ್ನಿರಿ ಅಂದರೆ ಯಾವ ಮಾನವಂತೆ ಬಂದಾಳು? ದುಂಡವ್ವ ಆ ಸಂಜೆಯೇ ಸಾವಕಾರನ ಹತ್ತಿರ ಹೋಗಿ ಟೋಳಿಗೆಲ್ಲ ಎರಡು ದಿನ ಸೂಟಿ ಕೇಳಿದಳು. ಹಬ್ಬಕ್ಕೂ ಸೂಟಿ ಕೊಡದ ಬಸಗೊಂಡ ಅಂದು ಕೇಳಿದ ಕೂಡಲೇ ಕೊಟ್ಟ, ಮೇಲೆ ಚಹಾನೂ ಕುಡಿಸಿದ. ಅವಳು ಅದನ್ನು ತನ್ನ ಮಾತಿನ ತೂಕವೆಂದು ತಿಳಿದಳು.

ಆ ಎರಡು ದಿನ ಓಣಿಯಲ್ಲಿ ನಡೆದದ್ದನ್ನು ಹೇಳಿದರೆ ನಗಬೇಕು. ಮನೆ ಮನೆಯಲ್ಲಿ ಅಜವಾನದ ಉಗಿ, ಮೆಣಸಿನ ಕಷಾಯ, ಎದೆಗೆ ನೀಲಗಿರಿ ಎಣ್ಣೆ. ಊದುವ ರೂಢಿ ಆಗಲಿ ಎಂದು ಒಲೆಯ ಮುಂದಿನ ಊದುಗೊಳವೆ ಹಿಡಿದು ಎಲ್ಲರೂ ಊದಿದ್ದೇ ಊದಿದ್ದು. ಟೋಳಿಯ ಪಂಚಶೀಲಾ ಎಷ್ಟು ಜೋರಾಗಿ ಊದಿದಳೆಂದರೆ ಒಲೆಯ ಬೂದಿ ಹಾರಿ ಅತ್ತೆಯ ರೊಟ್ಟಿಯ ಮೇಲೆ ಬಿತ್ತು. ಪಂಚಶೀಲಾ ಅಂದರೆ ಹಾಗೆಯೇ, ಕಲ್ಲುಗುಂಡಿನಂಥವಳು. ಗಂಧಕದ ಖೋಲಿಗೆ ಎಲ್ಲರಿಗಿಂತ ಹೆಚ್ಚು ಸಲ ಹೋಗುವವಳು ಅವಳೇ, ಒಮ್ಮೆಯೂ ಕೆಮ್ಮಿದವಳಲ್ಲ. ಮಂಗಲಳನ್ನು ದುಂಡವ್ವ ನೆಲದ ಮೇಲೆ ಕಾಲಿಡಲು ಬಿಡಲಿಲ್ಲ. ನೀರಿಗೆ ತಾನೇ ಹೋದಳು, ರೊಟ್ಟಿ ತಾನೇ ಬಡಿದಳು, ಸೊಸೆಯನ್ನು ಹೊರಸಿನ ಮೇಲೆ ಮಲಗಿಸಿ ಬೆನ್ನು ತಿಕ್ಕಿದಳು.

ತಪಾಸಣೆಯ ದಿನ ಎಲ್ಲರೂ ತಲೆ ಎರೆದುಕೊಂಡು, ಇಸ್ತ್ರಿ ಸೀರೆ ಉಟ್ಟು, ಮಲ್ಲಿಗೆ ಮುಡಿದು ಸಾಲಿಗೆ ಬಂದರು. ಪ್ರಾಜಕ್ತಾ ಒದ್ದೆ ಕೂದಲು ನೋಡಿದಳು.

"ಶೆಡ್ಡಿನಿಂದ ನೆಟ್ಟಗ ಬಂದ್ರಿ?"

"ಹೌದ್ರಿ ಬಾಯಾರ," ಎಂದಳು ದುಂಡವ್ವ ಎಲ್ಲರ ಪರವಾಗಿ. "ನಮ್ಮೂರ ಹೆಣ್ಣಮಕ್ಕಳು ಯಾವಾಗ್ಲೂ ಹಿಂಗ ಸ್ವಚ್ಛ ಇರ್ತೀವ್ರಿ."

ಒಬ್ಬೊಬ್ಬರೇ ಊದಿದರು. ಪರದೆಯ ಮೇಲೆ ಗೆರೆ ಗುಡ್ಡದಂತೆ ಏರಿತು. ಮಂಗಲಳೂ ಹಲ್ಲು ಕಚ್ಚಿ ಊದಿದಳು, ಒಂದು ಕೆಮ್ಮು ಬರಲಿಲ್ಲ. ಕೆಲವು ವಾರ ಕಳೆದು ಪ್ರಾಜಕ್ತಾ ಮೊದಲ ಅಹವಾಲ, ಅಂದರೆ ತಪಾಸಣೆಯ ವರದಿ, ತಂದು ಅದೇ ಪಡಸಾಲೆಯಲ್ಲಿ ಓದಿದಳು. ಬಿಳೂರದ ಶೆಡ್ಡಿನ ಹೆಂಗಸರ ಉಸಿರು ಡಫಳಾಪುರದವರಿಗಿಂತ ಒಂದು ತೂಕ ಮೇಲೆಯೇ ಇದೆ, ಇದು ತನಗೂ ತಿಳಿಯದಂತಾಗಿದೆ ಎಂದಳು. ಅವಳ ಮುಖದ ಗೊಂದಲವನ್ನು ಯಾರು ನೋಡುತ್ತಾರೆ, ಡಫಳಾಪುರವನ್ನು ಸೋಲಿಸಿದ್ದೇ ಸಾಕಿತ್ತು. ಹೆಂಗಸರು ಚಪ್ಪಾಳೆ ತಟ್ಟಿದರು. ದುಂಡವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಸಕ್ಕರೆಯ ಸಿಹಿ ನಾಲಗೆಯ ಮೇಲಿಂದ ಇಳಿಯುವ ಮೊದಲೇ ಬಸಗೊಂಡ ಆ ಅಹವಾಲಕ್ಕೆ ಪ್ಲಾಸ್ಟಿಕ್ ಹಾಕಿಸಿ ಗಂಧಕದ ಖೋಲಿಯ ಬಾಗಿಲ ಪಕ್ಕ ತೂಗುಬಿಟ್ಟ. ಅಲ್ಲಿಯವರೆಗೆ ಬೆಳಿಗ್ಗೆ ಬಾಗಿಲು ತೆರೆದು, ಚಹಾ ಕುಡಿದು, ಹೊಗೆ ಸ್ವಲ್ಪ ಇಳಿದ ಮೇಲೆ ಒಳಗೆ ಹೋಗುವ ಪದ್ಧತಿ ಇತ್ತು. ಅದೂ ಹೋಯಿತು.

"ಡಾಕ್ಟರ ಬರದ ಕೊಟ್ಟಾರ, ನಿಮಗ ಏನೂ ಆಗಿಲ್ಲ ಅಂತ. ಇನ್ನ ಚಹಾ ಕುಡಕೋತ ಕುಂದ್ರೂದ ಯಾಕ? ಬಾಗಿಲಾ ತಗದ ಕೂಡಲೇ ಲಗೂನ ಟ್ರೇ ಹೊರಗ ಬರಬೇಕ."

"ಕಣ್ಣ ಉರೀತಾವ್ರಿ ಸಾವಕಾರ್ರ. ಮಂಗಲಾಗ ಕೆಮ್ಮೂ ಭಾಳ ಆಗೇತಿ," ಎಂದಳು ದುಂಡವ್ವ.

"ಕೆಮ್ಮು ನಿಮ್ಮ ಮಿಶ್ರಿಯಿಂದ ಬರತೈತಿ. ಮುಂಜಾನೆದ್ದ ತಂಬಾಕದ ಪುಡಿ ಹಲ್ಲಿಗೆ ತಿಕ್ಕತೀರಿ, ದಿನಾ ಒಲಿ ಮುಂದ ಹೊಗಿ ನುಂಗತೀರಿ. ಹೆಸರ ಮಾತ್ರ ನನ್ನ ಖೋಲಿದು."

ಅಹವಾಲ ಎದುರಿಗೇ ತೂಗುತ್ತಿತ್ತು.

ಅದಾಗಿ ವಾರವಾಗಿರಲಿಲ್ಲ. ಒಂದು ಬೆಳಿಗ್ಗೆ ಮಂಗಲ ಖೋಲಿಯೊಳಗೆ ಹೋದವಳು ಹೊರಗೆ ಬರಲಿಲ್ಲ. ಟ್ರೇ ಬಿದ್ದ ಸಪ್ಪಳ ಕೇಳಿತು. ಎಲ್ಲರೂ ಬಾಗಿಲ ಹೊರಗೆ ನಿಂತು ಹೋ ಅನ್ನುವಷ್ಟರಲ್ಲಿ ಪಂಚಶೀಲಾ ಸೆರಗು ಮೂಗಿಗೆ ಬಿಗಿದು ಒಳಗೆ ನುಗ್ಗಿದಳು, ಮಂಗಲಳನ್ನು ಚೀಲದಂತೆ ಹೆಗಲ ಮೇಲೆ ಹೊತ್ತು ತಂದಳು. ಮಂಗಲಳ ತುಟಿ ನೇರಳೆ ಹಣ್ಣು ತಿಂದವಳಂತೆ ಆಗಿತ್ತು. ಬಾಯಿ ತೆರೆಯುತ್ತಿದ್ದಳು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ದುಂಡವ್ವ ಜೀವಮಾನದಲ್ಲಿ ಅಷ್ಟು ಹೆದರಿರಲಿಲ್ಲ. ಜತ್ತದ ದವಾಖಾನೆಯಲ್ಲಿ ಮೂಗಿಗೆ ನಳಿಗೆ ಹಚ್ಚಿ, ಹೊಗೆಯಂಥ ಔಷಧ ಕೊಟ್ಟ ಮೇಲೆ ಹುಡುಗಿ ಕಣ್ಣು ತೆರೆದು ಅತ್ತೆಯನ್ನು ನೋಡಿದಳು.

"ಅತ್ತಿ, ಮಂದಿ ಮುಂದ ಕೆಮ್ಮಿದ್ನೇನ?"

ಆ ಮಾತು ಕೇಳಿ ದುಂಡವ್ವ ಹೊರಗೆ ಬಂದು ದವಾಖಾನೆಯ ಕಟ್ಟೆಯ ಮೇಲೆ ಕುಕ್ಕರಿಸಿದಳು. ಜೀವ ಹೋಗುವ ಹೊತ್ತಿನಲ್ಲೂ ಇದು ಮಾನ ಹುಡುಕುತ್ತದಲ್ಲ, ಇದನ್ನು ಹೀಗೆ ಮಾಡಿದವಳು ನಾನೇ ಅಲ್ಲವೇ ಎಂದು ಹಣೆ ಹಣೆ ಬಡಿದುಕೊಂಡಳು. ಸೂಟಿ ಕೇಳಿದವಳು ತಾನು, ಉಗಿ ಹಿಡಿಸಿದವಳು ತಾನು, ನೆಟ್ಟಗೆ ಶೆಡ್ಡಿನಿಂದ ಬಂದೆವೆಂದು ಸುಳ್ಳು ಹೇಳಿದವಳೂ ತಾನು. ಸಾವಕಾರ ಚಹಾ ಕುಡಿಸಿದ್ದು ಯಾಕೆಂದು ಈಗ ತಿಳಿಯಿತು. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಮೊದಲು ತನ್ನ ಮೇಲೆ, ಆಮೇಲೆ ಅವನ ಮೇಲೆ. ದುಂಡವ್ವನ ಸಿಟ್ಟು ಬಂದರೆ ಸುಮ್ಮನೆ ಹೋಗುವಂಥದ್ದಲ್ಲ. ಪಂಚಶೀಲಾಳ ಫೋನಿನಿಂದ ಪ್ರಾಜಕ್ತಾಳಿಗೆ ಹಚ್ಚಿದಳು.

"ಬಾಯಾರ, ನಾವ ನಿಮಗ ಸುಳ್ಳ ಹೇಳೀವ್ರಿ," ಎಂದು ಶುರು ಮಾಡಿ ಊದುಗೊಳವೆಯವರೆಗೆ ಎಲ್ಲ ಹೇಳಿದಳು.

ಆ ಕಡೆ ಪ್ರಾಜಕ್ತಾ ನಿಟ್ಟುಸಿರಿಟ್ಟಳು.

"ಒದ್ದಿ ಕೂದ್ಲಾ ನಾನೂ ನೋಡಿದ್ದೆ, ಮಾವಶಿ. ಇನ್ನೊಮ್ಮಿ ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನಂದೂ ಐತಿ. ಆ ಹೊಗಿ ದಿನಾ ಉಸಿರನ್ನ ಹಿಡೀತದ, ಎರಡ ದಿನ ಬಿಟ್ರ ಸ್ವಲ್ಪ ಬಿಡ್ತದ. ನೀವು ಬಿಟ್ಟ ಹೊತ್ತಿನ್ಯಾಗ ನಾ ಅಳದೇನಿ."

"ಹಂಗಾರ ಅದನ್ನ ಹರದ ಹಾಕ್ರಿ."

"ಹರಿಯಾಕ ಬರೂದಿಲ್ಲ. ಹೆಂಗ ಆತು ಅನ್ನೂದನ್ನ ಬರದು, ಅದರ ಬಾಜೂಕ ಹೊಸಾದ ಇಡಬೇಕು. ಮುಂಜಾನಿ ಕೆಲಸಕ್ಕ ಹೋಗೂಕಿಂತ ಮೊದಲ ಒಮ್ಮಿ ಊದ್ರಿ, ಖೋಲಿಯೊಳಗ ದುಡದ ಬಂದ ಕೂಡಲೇ ಇನ್ನೊಮ್ಮಿ ಊದ್ರಿ. ಎರಡರ ನಡುವಿನ ಫರಕ ಸುಳ್ಳ ಹೇಳೂದಿಲ್ಲ. ಆದ್ರ ಮಂಗಲ ಖೋಲಿಯೊಳಗ ಹೋಗೂದು ಬ್ಯಾಡ. ಆಕಿ ದವಾಖಾನಿ ಚೀಟಿ ಸಾಕು. ಉಳದವರೂ ಮನಸಿದ್ರ ಬರ್ರಿ, ನಾ ಜುಲುಮಿ ಮಾಡೂದಿಲ್ಲ."

ಪ್ರಾಜಕ್ತಾ ಹೇಳಿದ ದಿನಕ್ಕೆ ಬಂದಳು. ಮಂಗಲ ಮನೆಗೆ ಬಂದು ಸುಧಾರಿಸಿಕೊಂಡಿದ್ದಳು, ಸಾಲಿಯ ಪಡಸಾಲೆಯಲ್ಲಿ ಒಂದು ಕಂಬಕ್ಕೆ ಆನಿಸಿ ಕೂತಳು. ಬೆಳಿಗ್ಗೆ ಟೋಳಿಯವರು ಒಬ್ಬೊಬ್ಬರೇ ಊದಿದರು. ಪಂಚಶೀಲಾಳ ಗೆರೆ ಎಲ್ಲರ ಗೆರೆಗಿಂತ ಮೇಲೆ ಏರಿತು. ಅವಳು ಸುತ್ತ ನೋಡಿ ಹುಬ್ಬು ಹಾರಿಸಿದಳು, ಎಲ್ಲರೂ ನಕ್ಕರು. ನಗುತ್ತಲೇ ಶೆಡ್ಡಿಗೆ ಹೋದರು.

ಹಳ್ಳಿಯಲ್ಲಿ ಸುದ್ದಿ ಮುಚ್ಚಿಡುವುದೆಂದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ. ಮಧ್ಯಾಹ್ನ ಟ್ರೇ ಕೆಲಸ ಮುಗಿಸಿ, ಕೈಕಾಲು ಸಹ ತೊಳೆಯದೆ ಹೆಂಗಸರು ಹೊರಟಾಗ ಬಸಗೊಂಡ ಗೇಟಿನಲ್ಲಿ ನಿಂತಿದ್ದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡುವವನಾಗಿದ್ದರೆ ಸಾವಕಾರ ಯಾಕೆ ಆಗುತ್ತಿದ್ದ? ದುಂಡವ್ವನನ್ನು ಮೆಲ್ಲಗೆ ತಕ್ಕಡಿಯ ಕಡೆ ಕರೆದ.

"ದುಂಡವ್ವ, ನೀ ಶಾಣ್ಯಾಕಿ. ಮಂಗಲಾನ ಸಂಕಟ ನನಗ ತಿಳೀತೈತಿ. ನಾಳಿಂದ ಆಕಿನ್ನ ಖೋಲಿಗೆ ಹಾಕೂದಿಲ್ಲ. ನೆರಳಾಗ ಕುಂತ ಬೇದಾಣಾ ಆರಸ್ಲಿ. ಪಗಾರ ಅದ ಇರ್ಲಿ, ಎಲ್ಲಾ ಹಂಗಾಮಕ್ಕೂ ಆಕಿಗೆ ಆ ಕೆಲಸಾನ ಕಾಯಂ. ನೀ ಇವತ್ತ ಇವರನ್ನ ಮನಿಗೆ ಕಳಸು. ಊದಿದ್ದ ಒಮ್ಮಿ ಆಗೇತಿ, ಸಾಕು."

ದುಂಡವ್ವನಿಗೆ ಬೇಕಾದದ್ದು ಇಷ್ಟೇ ಅಲ್ಲವೇ? ಸೊಸೆ ಬದುಕಬೇಕು, ಉಸಿರಾಡಬೇಕು, ಮಳೆಗಾಲಕ್ಕೆ ಈಶ್ವರ ಬಂದಾಗ ಬಾಗಿಲಲ್ಲಿ ನಿಂತಿರಬೇಕು. ಕೇಳದೆಯೇ ಕೈಗೆ ಬಂದಿತ್ತು. ಹೂಂ ಅಂದರೆ ಮುಗಿಯಿತು. ಆ ಹೂಂ ಬಿಸಿ ತುಪ್ಪದಂತೆ ಬಾಯಲ್ಲಿ ನಿಂತಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಹಂಗಾರ ಮಂಗಲಾನ ಬದಲಿ ಒಳಗ ಯಾರ ಹೋಗ್ತಾರ್ರಿ?"

"ಪಂಚಶೀಲಾ ಅದಾಳಲ್ಲ. ಎರಡ ಆಳಿನ ಕೆಲಸಾ ಒಬ್ಬಾಕಿನ ಮಾಡ್ತಾಳ. ಅಂಥಾವ್ರಿಗೆ ಹೊಗಿ ಏನ ಮಾಡತೈತಿ?"

ದುಂಡವ್ವ ತಿರುಗಿ ನೋಡಿದಳು. ಗೇಟಿನ ಬಳಿ ಪಂಚಶೀಲಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಯಾರಿಗೋ ಚೇಷ್ಟೆ ಮಾಡುತ್ತಿದ್ದಳು. ಮಂಗಲಳನ್ನು ಹೊಗೆಯೊಳಗಿಂದ ಹೊತ್ತು ತಂದ ಹೆಗಲು ಅದೇ. ಆ ಹೆಗಲ ಮೇಲೆ ಸೊಸೆಯ ಪಾಲಿನ ಹೊಗೆಯನ್ನೂ ಹೇರಿ ತಾನು ಮನೆಗೆ ಹೋಗಿ ರೊಟ್ಟಿ ತಿನ್ನಬೇಕು. ಥೂ, ಅಂಥ ರೊಟ್ಟಿ ಗಂಟಲಲ್ಲಿ ಇಳಿದೀತೇ? ಕ್ಷಣ ಮಾತ್ರವಾದರೂ ಆಸೆ ಪಟ್ಟೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆ ಅಸಹ್ಯವೇ ಗಂಟಲು ಬಿಡಿಸಿತು.

"ಇಲ್ಲಿ ಕೇಳ್ರೆವ್ವಾ," ಎಂದಳು ಗೇಟಿನವರಿಗೆ, ರಸ್ತೆಗೆ, ಹೊಲಕ್ಕೆ ಕೇಳುವ ಹಾಗೆ. "ಸಾವಕಾರ್ರು ನನ್ನ ಸೊಸಿನ್ನ ನೆರಳಾಗ ಕುಂದರಸ್ತಾರಂತ. ಆಕಿ ಬದಲಿ ಪಂಚಶೀಲಾನ್ನ ಹೊಗಿಯಾಗ ಹಾಕ್ತಾರಂತ. ನಾ ಬಾಯಿ ಮುಚ್ಚಬೇಕಂತ. ಮೂಗ ಹಿಡದ್ರ ಬಾಯಿ ತಗೀತೈತಿ ಅಂತಾರ, ಇವ್ರು ನಮ್ಮ ಮೂಗೂ ಹಿಡದ ಬಾಯೀನೂ ಮುಚ್ಚಾಕ ಬಂದಾರ."

ಬಸಗೊಂಡನ ಮುಖ ಕಪ್ಪಿಟ್ಟಿತು.

"ಇವತ್ತ ಸಾಲಿಗೆ ಹೋಗಿ ಯಾರ ಊದ್ತಾರ, ಅವ್ರಿಗೆ ನಾಳಿ ಇಲ್ಲಿ ಕೆಲಸ ಇಲ್ಲ. ಸೋನ್ಯಾಳದಿಂದ ಬ್ಯಾರೆ ಟೋಳಿ ತರಸ್ತೀನಿ."

"ತರಸ್ರಿ," ಎಂದಳು ಪಂಚಶೀಲಾ ಮುಂದೆ ಬಂದು. "ಅವ್ರಿಗೂ ಎದಿ ಇರ್ತಾವ್ರಿ."

ಹೆಂಗಸರು ಹೊರಟರು. ಬಿಳೂರದ ನಡುರಸ್ತೆಯಲ್ಲಿ, ಗಂಧಕ ನಾರುವ ಸೀರೆಯಲ್ಲಿ, ಕೆಂಪು ಕಣ್ಣುಗಳಲ್ಲಿ, ತಲೆ ಬಾಚದೆ ನಡೆದರು. ಕೆಮ್ಮು ಬಂದವರು ಸೆರಗು ಅಡ್ಡ ಹಿಡಿಯದೆ ಕೆಮ್ಮಿದರು. ಚಹಾದ ಅಂಗಡಿಯ ಗಂಡಸರು ಗ್ಲಾಸು ಕೆಳಗಿಟ್ಟು ನೋಡಿದರು. ನೋಡಲಿ ಎಂದುಕೊಂಡಳು ದುಂಡವ್ವ. ಹೊರಗಿನವರಿಗೆ ಚಲೋದನ್ನು ತೋರಿಸಿ ಆಗಿತ್ತು, ಅದರ ಬೆಲೆಯನ್ನು ಒಂದು ಎಳೆ ಜೀವ ತೆತ್ತಿತ್ತು. ಇನ್ನು ಇದ್ದದ್ದು ಇದ್ದ ಹಾಗೆ ನೋಡಲಿ.

ಪಡಸಾಲೆಯಲ್ಲಿ ಒಬ್ಬೊಬ್ಬರೇ ಊದಿದರು. ಬೆಳಿಗ್ಗೆ ಏರಿದ್ದ ಗೆರೆ ಯಾರದೂ ಅಷ್ಟು ಏರಲಿಲ್ಲ. ಮಧ್ಯದಲ್ಲೇ ಕೆಮ್ಮಿ ಕೊಳವೆ ಬಿಟ್ಟವರೂ ಇದ್ದರು. ಪ್ರಾಜಕ್ತಾ ಅವಸರ ಮಾಡದೆ ನೀರು ಕೊಟ್ಟು ಮತ್ತೆ ಊದಿಸಿದಳು. ಎಲ್ಲರ ಕೊನೆಗೆ ಪಂಚಶೀಲಾ ಕೂತಳು. ಕೆನ್ನೆ ಉಬ್ಬಿಸಿ ಊದಿದಳು. ಪ್ರಾಜಕ್ತಾ ಪರದೆ ನೋಡಿ, ಬೆಳಿಗ್ಗೆಯ ಗೆರೆಯನ್ನೂ ತೆಗೆದು ನೋಡಿದಳು.

"ಮಷಿನ್ ಕೆಟ್ಟೈತೇನ್ರಿ?" ಎಂದಳು ಪಂಚಶೀಲಾ ನಗುತ್ತ. "ನಾ ಜೋರ ಊದೀನ್ರಿ."

"ಇನ್ನೊಮ್ಮಿ ಊದು."

ಅವಳು ಮತ್ತೆ ಊದಿದಳು, ಮತ್ತೂ ಒಮ್ಮೆ. ಕತ್ತಿನ ನರ ಉಬ್ಬಿದವು. ಗೆರೆ ಸ್ವಲ್ಪ ಏರಿ ಅಲ್ಲಿಯೇ ಬಾಗಿ ಮಲಗಿತು. ಪ್ರಾಜಕ್ತಾ ಅವಳ ಪಕ್ಕಕ್ಕೆ ಬಂದು ಕೂತಳು.

"ಮಷಿನ್ ಚಲೋ ಐತಿ. ಮುಂಜಾನಿ ನಿನ್ನ ಉಸಿರ ಎಲ್ಲಾರಕಿಂತ ಮ್ಯಾಲಿತ್ತು. ಈಗ ಎಲ್ಲಾರಕಿಂತ ಹೆಚ್ಚ ಬಿದ್ದದ್ದೂ ನಿಂದ. ಖೋಲಿಯೊಳಗ ನೀ ಎಲ್ಲಾರಕಿಂತ ಹೆಚ್ಚ ಸಲ ಹೊಕ್ಕೀದಿ. ಕೆಮ್ಮು ಬರಲಿಲ್ಲಂದ್ರ ಎದಿಗೆ ಏನೂ ಆಗಿಲ್ಲ ಅಂತ ಅಲ್ಲ. ದಿನಾ ಬಿದ್ದ ಬಿದ್ದ ಏಳೂ ಉಸಿರ ಒಂದ ದಿನ ಏಳೂದಿಲ್ಲ."

"ಮಿಶ್ರಿಯಿಂದ ಅಂತಾರಲ್ರಿ ಸಾವಕಾರ್ರು?" ಎಂದು ಕಂಬದ ಬಳಿಯಿಂದ ಕೇಳಿದವಳು ಮಂಗಲ. ಅಷ್ಟು ಮಂದಿಯ ಮುಂದೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

"ಮಿಶ್ರಿ ಡಫಳಾಪುರದವರೂ ತಿಕ್ತಾರ, ಒಲಿ ಅವರ ಮನ್ಯಾಗೂ ಐತಿ. ಅದೂ ಕೆಟ್ಟದ್ದ, ಬಿಡ್ರಿ. ಆದ್ರ ಮೊನ್ನಿ ಅವರನ್ನೂ ಎರಡ ಸಲ ಊದಸೀನಿ, ಮುಂಜಾನಿಂದ ಮಧ್ಯಾನದೊಳಗ ಅವರ ಉಸಿರ ಹಿಂಗ ಬಿದ್ದಿಲ್ಲ."

ಪಂಚಶೀಲಾಳ ನಗು ಎಲ್ಲೋ ಹೋಗಿತ್ತು. ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಒಳಗೆ ಯಾರಿದ್ದಾರೆ ಎಂದು ಆಲಿಸುವವಳಂತೆ ಕೂತಿದ್ದಳು. ಮೆತ್ತಗೆ ಕೇಳಿದಳು.

"ದುಂಡಕ್ಕಾ, ಗೇಟಿನ್ಯಾಗ ನೀ ಹೂಂ ಅಂದಿದ್ರ ನನಗ ಗೊತ್ತ ಆಗ್ತಿದ್ದಿಲ್ಲಲ್ಲ?"

ದುಂಡವ್ವ ಅವಳ ಪಕ್ಕ ಕೂತು ಬೆನ್ನ ಮೇಲೆ ಕೈ ಆಡಿಸಿದಳು. ಆಮೇಲೆ ಪ್ರಾಜಕ್ತಾಳನ್ನು ಕೇಳಿದಳು.

"ಈ ಅಹವಾಲ ಯಾವಾಗ ಬರತೈತ್ರಿ?"

"ದೊಡ್ಡವ್ರು ನೋಡಬೇಕು, ತಿದ್ದಬೇಕು. ತಿಂಗಳಗಟ್ಲೆ ಹಿಡೀತದ ಮಾವಶಿ. ಇವತ್ತಿನ ಗೆರಿಗಳ ಒಂದೊಂದ ನಕಲು ನಿಮಗ ಕೊಡ್ತೀನಿ, ಕಾರ್ಮಿಕರ ಕಚೇರಿಗೂ ಬರೀತೀನಿ. ಆದ್ರ ನಾಳೆನ ಏನರೆ ಆಗತದ ಅಂತ ನಾ ಸುಳ್ಳ ಹೇಳೂದಿಲ್ಲ."

"ನಾಳಿನ ಮಾತ ನಮಗ ಬಿಡ್ರಿ," ಎಂದಳು ದುಂಡವ್ವ.

ಮಾರನೆಯ ಬೆಳಿಗ್ಗೆ ಕೆಲಸವಿಲ್ಲವೆಂದು ಹೇಳಿಸಿಕೊಂಡ ಟೋಳಿ ಟೋಳಿಯೇ ಎಂದಿನ ಹೊತ್ತಿಗೆ ಶೆಡ್ಡಿಗೆ ಹೋಯಿತು. ಮಂಗಲಳೂ ಬಂದಳು. ಬೇಡವೆಂದರೆ, ನಾ ಒಳಗ ಹೋಗೂದಿಲ್ಲ, ನಿಮ್ಮ ಬಾಜೂಕ ನಿಂದರ್ತೀನಿ ಎಂದಳು. ಖೋಲಿಯೊಳಗೆ ರಾತ್ರಿಯ ಗಂಧಕ ಸುಟ್ಟು ಹಣ್ಣು ತಯಾರಾಗಿತ್ತು. ಹಣ್ಣನ್ನು ತಾಸಗಾಂವಿನ ಪೇಟೆಗೆ ಒಯ್ಯುವ ಗಾಡಿ ಮಧ್ಯಾಹ್ನ ಬರುವುದಿತ್ತು. ಸೋನ್ಯಾಳದ ಟೋಳಿ ಬೇರೆ ಶೆಡ್ಡಿನಲ್ಲಿ ಹಿಡಿದ ಕೆಲಸ ಬಿಟ್ಟು ಬರುವುದಿಲ್ಲವೆಂದು ಫೋನಿನಲ್ಲೇ ಹೇಳಿತ್ತು. ಹಂಗಾಮಿನ ದಿನದಲ್ಲಿ ಕೈ ಸಿಗುವುದು ಅಷ್ಟು ಸುಲಭವೇ? ಬಸಗೊಂಡ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಹೆಂಗಸರನ್ನು ಕಂಡು ಗಟ್ಟಿಯಾದ.

"ಬಂದ್ರಲ್ಲ? ಹೊಟ್ಟಿ ಎಲ್ಲಾರ್ನೂ ತರತೈತಿ. ಆತು, ನಿನ್ನಿದು ಮರತ ಬಿಡ್ತೀನಿ. ನಡೀರಿ, ಲಗೂನ ಟ್ರೇ ತಗೀರಿ."

"ತಗೀತೀವ್ರಿ," ಎಂದಳು ದುಂಡವ್ವ. "ಎರಡೂ ಕಡಿ ಬಾಗಿಲಾ ತಗಸ್ರಿ. ಹೊಗಿ ಪೂರಾ ಹೋಗ್ಲಿ. ಆಮ್ಯಾಲ ಒಳಗ ಹೊಕ್ಕೀವಿ. ಇವತ್ತೂ ಹಿಂಗ, ನಾಳಿನೂ ಹಿಂಗ."

"ಗಾಡಿ ತಪ್ಪತೈತಿ."

"ಉಸಿರ ತಪ್ಪೂದಕಿಂತ ಗಾಡಿ ತಪ್ಪೂದ ಚಲೋ ಅಲ್ಲೇನ್ರಿ."

"ಏನ ಅಷ್ಟ ದೊಡ್ಡ ಹೊಗಿ ಐತಿ ಅದರಾಗ? ನಾಕ ಮಾರ ಖೋಲಿ. ಹೋಗೂದು, ಟ್ರೇ ಎತ್ತೂದು, ಬರೂದು."

"ಹೌದಲ್ರಿ," ಎಂದಳು ಪಂಚಶೀಲಾ. ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ. "ನೀವ ಒಂದ ಟ್ರೇ ತಂದ ತೋರಸ್ರಿ. ನೀವು ಒಂದ ತಂದ್ರ ಉಳದದ್ದ ಎಲ್ಲಾ ನಾ ಒಬ್ಬಾಕಿನ ತರ್ತೀನಿ."

ಅಷ್ಟು ಹೆಂಗಸರ ಮುಂದೆ ಇಲ್ಲವೆನ್ನುವುದು ಬಸಗೊಂಡನಿಂದ ಆಗಲಿಲ್ಲ. ಹೆಗಲ ಟಾವೆಲ್ 'ಫಟ್' ಎಂದು ಝಾಡಿಸಿ, ಬಿರಬಿರನೆ ನಡೆದು, ಚಿಲಕ ಎಳೆದು ಬಾಗಿಲನ್ನು ಪೂರ್ತಿ ತೆರೆದ. ಒಳಗಿನ ಹೊಗೆ ಅವನ ಮುಖಕ್ಕೇ ಬಂತು. ಒಂದು ಕಾಲು ಹೊಸ್ತಿಲ ಮೇಲೆ ಇಟ್ಟವನು ಅದನ್ನು ಒಳಗಿಡಲಿಲ್ಲ. ಟಾವೆಲ್ ಮೂಗಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಕೆಮ್ಮುತ್ತ ಕೆಮ್ಮುತ್ತ ಹಿಂದೆ ಹಿಂದೆ ಸರಿದು ಅಂಗಳದ ನಡುವೆ ಬಂದು ನಿಂತ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು.

ಯಾರೂ ನಗಲಿಲ್ಲ. ಎಲ್ಲರೂ ನೋಡಿದರು. ಅವರು ನೋಡಿದ್ದನ್ನು ಅವನೂ ನೋಡಿದ. ದುಂಡವ್ವ ಕೈ ಮಾಡಿದ್ದಕ್ಕೆ ಶೆಡ್ಡಿನ ಆಳು ಹೋಗಿ ಹಿಂದಿನ ಬಾಗಿಲನ್ನೂ ತೆರೆಯುವಾಗ ಬೇಡವೆನ್ನಲು ಅವನಿಗೆ ಗಂಟಲಿರಲಿಲ್ಲ.

ದುಂಡವ್ವ ಬೇವಿನ ಮರದ ಬುಡಕ್ಕೆ ಹೋಗಿ ಕೂತಳು. ಅವಳ ಒಂದು ಬದಿಗೆ ಮಂಗಲ, ಇನ್ನೊಂದು ಬದಿಗೆ ಪಂಚಶೀಲಾ, ಸುತ್ತ ಉಳಿದವರು. ಬಸಗೊಂಡ ಬಿಸಿಲಲ್ಲಿ ಒಬ್ಬನೇ ಉಳಿದಿದ್ದ. ದುಂಡವ್ವ ಸೀರೆಯ ನೆರಿಗೆ ಸರಿಸಿ ಎದುರಿನ ನೆರಳಲ್ಲಿ ಒಂದಿಷ್ಟು ಜಾಗ ಬಿಟ್ಟಳು.

"ಬರ್ರಿ ಸಾವಕಾರ್ರ, ಕುಂದ್ರಿ," ಎಂದಳು. "ಹೊಗಿ ಹೋಗಾಕ ಇನ್ನಾ ಹೊತ್ತೈತಿ."